ಪ್ರೇಕ್ಷಕರಿಲ್ಲದ ಆರಂಭ ದಿನದ ಸ್ಕೋರ್‌ಕಾರ್ಡ್ ಬರೆಯುವ ಬಗೆ

ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳಿಗೆ ಋತುವಿನ ಮೊದಲ ದಿನವೆಂದರೆ ಹಬ್ಬ. 2020ರಲ್ಲಿ ಮಾರ್ಚ್ 26ಕ್ಕೆ ಬರಬೇಕಿದ್ದ ಆ ದಿನವನ್ನು ಕೋವಿಡ್ ಜುಲೈ 23ಕ್ಕೆ ದೂಡಿತು. ತಂಡವೊಂದಕ್ಕೆ 162 ಪಂದ್ಯಗಳಿರುತ್ತಿದ್ದ ಋತು 60ಕ್ಕೆ ಇಳಿಯಿತು. ವಾಷಿಂಗ್ಟನ್ನಿನ ನ್ಯಾಷನಲ್ಸ್ ಪಾರ್ಕಿನಲ್ಲಿ ನ್ಯಾಷನಲ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್ ತಂಡಗಳ ಪಂದ್ಯಕ್ಕೆ ಮುನ್ನ ಅಮೆರಿಕದ ಸಾಂಕ್ರಾಮಿಕ ರೋಗತಜ್ಞ ಡಾ. ಆಂಟನಿ ಫೌಚಿಯವರು ಸಾಂಕೇತಿಕವಾಗಿ ಮೊದಲ ಚೆಂಡು ಎಸೆದಾಗ ನಮ್ಮ ಮನೆಯಲ್ಲಿ 24ರ ನಸುಕು. ಖಾಲಿ ಆಸನಗಳನ್ನು ನೋಡಿ ಮುದುಡಿದ ಮನಸ್ಸನ್ನು ಆಟದಲ್ಲಿ ನಿಲ್ಲಿಸಿದ್ದು ಕೈಯಲ್ಲಿದ್ದ ಪೆನ್ಸಿಲ್. ಆ ಪಂದ್ಯದ ಧ್ವನಿಮುದ್ರಣವೋ ದೃಶ್ಯವೋ ಸಿಕ್ಕರೆ, ಸ್ಕೋರ್‌ಕಾರ್ಡ್ ಬರೆಯಲು ಕಲಿಯುವವರಿಗೆ ಅದನ್ನೇ ಸೂಚಿಸುತ್ತೇನೆ.

ಹಾಳೆಯ ಎಡಬದಿಯಲ್ಲಿ ಒಂಬತ್ತು ಬ್ಯಾಟರ್‌ಗಳ ಹೆಸರನ್ನು ಸರದಿಯಂತೆ ಬರೆದು, ಪ್ರತಿ ಹೆಸರಿನ ಮುಂದೆ ಇನಿಂಗ್ಸಿಗೊಂದರಂತೆ ಚೌಕಗಳನ್ನು ಎಳೆದು, ಪ್ರತಿ ಚೌಕದೊಳಗೆ ನಾಲ್ಕು ಬೇಸ್‌ಗಳನ್ನು (ಓಟಗಾರ ಸರದಿಯಂತೆ ಮುಟ್ಟಬೇಕಾದ ನೆಲೆಗಳನ್ನು) ಸೂಚಿಸುವ ವಜ್ರಾಕೃತಿ ಬಿಡಿಸಿ. ಅಂದೇ ಸೋಂಕು ದೃಢಪಟ್ಟ ಕಾರಣ ನ್ಯಾಷನಲ್ಸ್ ತಂಡದ ಹುವಾನ್ ಸೋಟೊ ಆಡಲಿಲ್ಲ. ಅದನ್ನು ಅಂಚಿನಲ್ಲಿ ಟಿಪ್ಪಣಿ ಮಾಡಿಕೊಳ್ಳಿ.

ಕ್ಷೇತ್ರರಕ್ಷಕರನ್ನು ಹೆಸರಿನಿಂದಲ್ಲ, ಅಂಕಿಯಿಂದ ಗುರುತಿಸಬೇಕು: ಚೆಂಡೆಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ 2, ಮೊದಲ, ಎರಡನೆಯ, ಮೂರನೆಯ ಬೇಸ್‌ನವರು 3, 4, 5, ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೊರಮೈದಾನದಲ್ಲಿ ಎಡದಿಂದ ಬಲಕ್ಕೆ 7, 8, 9. ಶಾರ್ಟ್‌ಸ್ಟಾಪ್ ಹಿಡಿದ ಚೆಂಡು ಮೊದಲ ಬೇಸಿಗೆ ಹೋಗಿ ಬ್ಯಾಟರ್ ಔಟಾದರೆ 6–3 ಎಂದು ಬರೆದರೆ ಸಾಕು. ಹೊಸಬರು ಎಡವುವುದು ಒಂದು ಕಡೆ: ಬ್ಯಾಟರ್‌ಗೆ ತಕ್ಕಂತೆ ಆಟಗಾರ ಜಾಗ ಬದಲಿಸಿ ನಿಂತರೂ ಅವನ ಅಂಕಿ ಬದಲಾಗುವುದಿಲ್ಲ. ನಿಂತ ಜಾಗಕ್ಕೇ ಹೆಸರಿರುವ ಕ್ರಿಕೆಟ್‌ಗೆ ಒಗ್ಗಿದ ನಮಗೆ ಇದು ರೂಢಿಯಾಗಲು ಕೆಲವು ಪಂದ್ಯಗಳೇ ಬೇಕು.

ಬೀಸಿ ತಪ್ಪಿಸಿಕೊಂಡ ಅಥವಾ ಹೊಡೆಯಬಲ್ಲ ಚೆಂಡನ್ನು ಬಿಟ್ಟ ಎಸೆತ ಸ್ಟ್ರೈಕ್; ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟಾಗುವ ಸ್ಟ್ರೈಕ್‌ಔಟಿಗೆ ಇಂಗ್ಲಿಷಿನ ಕೆ ಅಕ್ಷರವನ್ನು ಬರೆಯಿರಿ. ಬ್ಯಾಟ್ ಬೀಸದೆ ಮೂರನೆಯ ಸ್ಟ್ರೈಕಿಗೆ ಔಟಾದವನಿಗೆ ಅದೇ ಅಕ್ಷರವನ್ನು ಹಿಂದುಮುಂದಾಗಿಸಿ. ನ್ಯಾಷನಲ್ಸ್ ಪಿಚರ್ ಮ್ಯಾಕ್ಸ್ ಶರ್ಜರ್ ಅಂದು 11 ಬಾರಿ ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ್ದರಿಂದ ಅಭ್ಯಾಸಕ್ಕೆ ಕೊರತೆಯಿಲ್ಲ. ರನ್ ಬಂದರೆ ಚೌಕದೊಳಗಿನ ವಜ್ರಾಕೃತಿಯನ್ನು ತುಂಬಬೇಕು. ಮೊದಲ ಇನಿಂಗ್ಸಿನಲ್ಲೇ ಯಾಂಕೀಸ್ ತಂಡದ ಜಿಯಾನ್‌ಕಾರ್ಲೊ ಸ್ಟಾಂಟನ್ ಹೋಂ ರನ್ (ಬ್ಯಾಟರ್ ಎಲ್ಲ ಬೇಸ್ ಸುತ್ತಿ ಬರುವ ಹೊಡೆತ) ಹೊಡೆದಾಗ ಬೇಸ್ ಮೇಲಿದ್ದ ಓಟಗಾರನ ಚೌಕವನ್ನೂ ತುಂಬಲು ಮರೆಯಬೇಡಿ.

ಆರನೆಯ ಇನಿಂಗ್ಸಿನಲ್ಲಿ ಮಳೆ ಬಂದು ಪಂದ್ಯ ಅಲ್ಲಿಗೇ ಮುಗಿಯಿತು. ಐದು ಇನಿಂಗ್ಸ್ ಪೂರ್ಣಗೊಂಡಿದ್ದರಿಂದ ಯಾಂಕೀಸ್ ತಂಡದ 4–1ರ ಗೆಲುವು ಅಧಿಕೃತವಾಯಿತು. ಆಟ ನಿಂತ ಚೌಕದ ಬಳಿ ದಪ್ಪ ಗೆರೆ ಎಳೆದು ‘ಮಳೆ’ ಎಂದು ಬರೆಯಿರಿ. ಮೇಲ್ಭಾಗದಲ್ಲಿ ಪ್ರೇಕ್ಷಕರ ಸಂಖ್ಯೆಗೆಂದು ಜಾಗವಿದ್ದರೆ ಅಲ್ಲಿ 0 ಎಂದೇ ನಮೂದಿಸಿ. ಖಾಲಿ ಬಿಟ್ಟರೆ ಬರೆಯಲು ಮರೆತಂತೆ ಕಾಣುತ್ತದೆ.