ಎಲೆಕ್ಟ್ರಿಕ್ ಕಾರಿನ ವೈರಿಂಗ್ ನಕ್ಷೆ ಬರೆಯುವುದು ಹೇಗೆ?

ಹಳೆಯ ಪೆಟ್ರೋಲ್ ಕಾರಿನ ಎಂಜಿನ್ ಇಳಿಸಿ ಮೋಟಾರು ಕೂರಿಸುವ ಹುಮ್ಮಸ್ಸು ಈಗ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಗ್ಯಾರೇಜುಗಳಲ್ಲೂ ಕಾಣುತ್ತಿದೆ. ಸಂತೋಷದ ವಿಷಯ. ಆದರೆ ಬಹಳಷ್ಟು ಕಡೆ ಮೊದಲು ವೈರ್ ಎಳೆಯುತ್ತಾರೆ, ಕಾರು ಒಂದು ಸುತ್ತು ಓಡಿದ ಮೇಲೆ ಪ್ರಾಜೆಕ್ಟ್ ವರದಿಗೆಂದು ನಕ್ಷೆ ಬರೆಯುತ್ತಾರೆ. ಹಾಗೆ ಬರೆದ ನಕ್ಷೆ ಕೆಟ್ಟ ಕಾರನ್ನು ರಿಪೇರಿ ಮಾಡಲು ಬರುವವನಿಗೆ ಕವಡೆಯಷ್ಟೂ ಉಪಯೋಗಕ್ಕೆ ಬರುವುದಿಲ್ಲ. ನಕ್ಷೆ ಮೊದಲು, ಕಟಿಂಗ್ ಪ್ಲೇಯರ್ ಆಮೇಲೆ.

ಇಲ್ಲಿ ಉದಾಹರಣೆಗೆ ಚಿಕ್ಕದೊಂದು ಕಾರನ್ನು ಇಟ್ಟುಕೊಳ್ಳೋಣ: 30 ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು ಸರಣಿಯಲ್ಲಿ. ಒಂದು ಸೆಲ್‌ಗೆ 3.2 ವೋಲ್ಟ್‌ನಂತೆ 96 ವೋಲ್ಟ್. ಪೂರ್ತಿ ಚಾರ್ಜ್ ಆದಾಗ 3.65ರಂತೆ 109.5 ವೋಲ್ಟ್. ನಕ್ಷೆಯ ಮೇಲೆ ಬರೆಯಬೇಕಾದದ್ದು ಈ ದೊಡ್ಡ ಸಂಖ್ಯೆಯನ್ನು. ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ರೇವಾ ಕಾರಿನದು 48 ವೋಲ್ಟ್ ವ್ಯವಸ್ಥೆ, ನಮ್ಮದು ಅದರ ಎರಡರಷ್ಟು. ಡಿಸಿ 60 ವೋಲ್ಟ್ ದಾಟಿದರೆ ಮೈಗೆ ತಗಲುವ ಅಪಾಯದ ಲೆಕ್ಕವೇ ಬೇರೆ. ಅಂಥ ಕೇಬಲ್‌ಗಳಿಗೆ ಕಿತ್ತಳೆ ಬಣ್ಣ ಇರುವುದೂ ಅದಕ್ಕೇ.

ಮೊದಲು ಕಾರಿನಲ್ಲಿರುವ ಪ್ರತಿಯೊಂದು ವಿದ್ಯುತ್ ಸಾಮಗ್ರಿಯನ್ನೂ ಪಟ್ಟಿ ಮಾಡಿ, ಒಂದೊಂದಕ್ಕೂ ಹೆಸರಿಡಿ.

ಕೈಯಲ್ಲಿ ಬರೆಯುವುದಾದರೆ ಎ3 ಹಾಳೆ, ಪೆನ್ಸಿಲ್ ಸಾಕು. ಕಂಪ್ಯೂಟರ್‌ನಲ್ಲಾದರೆ ಉಚಿತವಾಗಿ ಸಿಗುವ ಕ್ಯೂಎಲೆಕ್ಟ್ರೋಟೆಕ್ ಅಥವಾ ಕೀಕ್ಯಾಡ್ ಬಳಸಿ. ಸೆಮಿನಾರ್ ಸ್ಲೈಡ್ ಮಾಡುವ ತಂತ್ರಾಂಶದಲ್ಲಿ ಮಾತ್ರ ಬರೆಯಬೇಡಿ. ಒಂದು ಪೆಟ್ಟಿಗೆ ಸರಿಸಿದರೆ ಗೆರೆಗಳು ಇದ್ದಲ್ಲೇ ಉಳಿಯುತ್ತವೆ, ಯಾವುದು ಎಲ್ಲಿಗೆ ಸೇರಿತ್ತೆಂದು ಬರೆದವರಿಗೇ ತಿಳಿಯುವುದಿಲ್ಲ.

ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುರುಕಬೇಡಿ. ಮೂರು ಹಾಳೆ ಮಾಡಿ: ಬ್ಯಾಟರಿ, ಮೋಟಾರು, ಚಾರ್ಜರ್‌ಗಳ ಹೈ ವೋಲ್ಟೇಜ್ ಒಂದು, ದೀಪ, ಹಾರ್ನ್, ರಿಲೇಗಳ 12 ವೋಲ್ಟ್ ಒಂದು, ಆಕ್ಸಿಲರೇಟರ್, ಬಿಎಂಎಸ್ (ಬ್ಯಾಟರಿಯ ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ), ಕ್ಯಾನ್ (ಕಾರಿನ ಎಲೆಕ್ಟ್ರಾನಿಕ್ ಘಟಕಗಳು ಮಾತಾಡಿಕೊಳ್ಳುವ ಎರಡು ತಂತಿಯ ಜಾಲ) ಸಂಕೇತಗಳದ್ದು ಇನ್ನೊಂದು. 12 ವೋಲ್ಟ್‌ನ ನೆಗೆಟಿವ್ ಬಾಡಿಗೆ ಸೇರುತ್ತದೆ, ಹೈ ವೋಲ್ಟೇಜ್ ನೆಗೆಟಿವ್ ಎಂದೂ ಸೇರಕೂಡದು. ಆದ್ದರಿಂದ ಎರಡಕ್ಕೂ ಒಂದೇ ಭೂಸಂಪರ್ಕ ಚಿಹ್ನೆ ಹಾಕಿದ ನಕ್ಷೆಯನ್ನು ಹರಿದು ಹೊಸದಾಗಿ ಬರೆಯಿರಿ. ಬ್ಯಾಟರಿಯ ಹೈ ವೋಲ್ಟೇಜನ್ನು 12 ವೋಲ್ಟ್‌ಗೆ ಇಳಿಸುವ ಅಗ್ಗದ ಡಿಸಿ-ಡಿಸಿ ಪರಿವರ್ತಕಗಳ ಬಗ್ಗೆಯೂ ಇಲ್ಲೇ ಎಚ್ಚರಿಸಬೇಕು. ಗಾಲ್ಫ್ ಗಾಡಿಗಳಿಗೆಂದು ಬರುವ ಎಷ್ಟೋ ಪರಿವರ್ತಕಗಳಲ್ಲಿ ಒಳಬರುವ ನೆಗೆಟಿವ್ ಮತ್ತು ಹೊರಹೋಗುವ ನೆಗೆಟಿವ್ ಒಳಗೇ ಒಂದಾಗಿರುತ್ತವೆ. ನೀವು ಎಷ್ಟು ಎಚ್ಚರದಿಂದ ಗೆರೆ ಎಳೆದರೂ ಅಂಥದ್ದನ್ನು ಜೋಡಿಸಿದ ಕೂಡಲೇ ಬ್ಯಾಟರಿ ಬಾಡಿಗೆ ತಗಲಿದಂತೆಯೇ. ಕೊಳ್ಳುವ ಮುನ್ನ ಎರಡು ನೆಗೆಟಿವ್‌ಗಳ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ. ಬೀಪ್ ಎಂದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಇನ್ನು ಎಲ್ಲರೂ ಎಡವುವ ಜಾಗ: ಕಾಂಟ್ಯಾಕ್ಟರ್ (ಬ್ಯಾಟರಿಯ ಭಾರಿ ಪ್ರವಾಹವನ್ನು ಕೂಡಿಸಿ ಕಡಿಯುವ ದೊಡ್ಡ ರಿಲೇ) ಮತ್ತು ಪ್ರಿಚಾರ್ಜ್ (ಅದು ಕೂಡುವ ಮುನ್ನ ಕೆಪಾಸಿಟರ್‌ಗಳನ್ನು ನಿಧಾನವಾಗಿ ತುಂಬಿಸುವುದು).

ಮೋಟಾರ್ ಕಂಟ್ರೋಲರಿನ ಬಾಗಿಲಲ್ಲೇ ದೊಡ್ಡ ಕೆಪಾಸಿಟರ್‌ಗಳು ಕೂತಿರುತ್ತವೆ. ಖಾಲಿ ಕೆಪಾಸಿಟರ್‌ಗೆ ನೇರವಾಗಿ ಬ್ಯಾಟರಿ ಜೋಡಿಸಿದರೆ ಆ ಕ್ಷಣ ಪ್ರವಾಹವನ್ನು ತಡೆಯಲು ಬ್ಯಾಟರಿ ಮತ್ತು ಕೇಬಲ್‌ಗಳ ಒಳರೋಧ ಬಿಟ್ಟರೆ ಬೇರೇನೂ ಇಲ್ಲ. ಆ ರೋಧ 50 ಮಿಲಿ ಓಮ್ ಎಂದಿಟ್ಟುಕೊಂಡರೂ 2,000 ಆಂಪಿಯರ್ ದಾಟುತ್ತದೆ. ಕಾಂಟ್ಯಾಕ್ಟರಿನ ತುದಿಗಳು ಬೆಸೆದುಕೊಂಡರೆ ಕೀ ತೆಗೆದರೂ ಕಾರಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಇದನ್ನು ತಪ್ಪಿಸಲು ಮುಖ್ಯ ಕಾಂಟ್ಯಾಕ್ಟರಿಗೆ ಸಮಾನಾಂತರವಾಗಿ ಒಂದು ರೆಸಿಸ್ಟರ್ ಮತ್ತು ಅದರದ್ದೇ ಆದ ರಿಲೇ ಬರೆಯಬೇಕು. ರೆಸಿಸ್ಟರ್ 100 ಓಮ್, ಕೆಪಾಸಿಟರ್ 1,000 ಮೈಕ್ರೋಫ್ಯಾರಡ್ ಆದರೆ 0.3 ಸೆಕೆಂಡಿನಲ್ಲಿ ಶೇ 95ರಷ್ಟು, ಅರ್ಧ ಸೆಕೆಂಡಿನಲ್ಲಿ ಶೇ 99ರಷ್ಟು ವೋಲ್ಟೇಜ್ ಏರುತ್ತದೆ. ಆರಂಭದ ಪ್ರವಾಹ ಒಂದು ಆಂಪಿಯರ್ ಚಿಲ್ಲರೆ, ಅಷ್ಟೇ.

ರಿಲೇ ಇಲ್ಲದೆ ಬರೀ ರೆಸಿಸ್ಟರನ್ನು ಕಾಂಟ್ಯಾಕ್ಟರಿನ ಎರಡು ತುದಿಗೆ ಬಿಗಿಯುವುದು ಬಹಳ ಪ್ರಚಲಿತವಾದ ಅಡ್ಡದಾರಿ. ಹಾಗೆ ಮಾಡಿದರೆ ಕೀ ತೆಗೆದ ಮೇಲೂ ಆ ರೆಸಿಸ್ಟರ್ ಮೂಲಕ ಕಂಟ್ರೋಲರಿನ ಟರ್ಮಿನಲ್‌ನಲ್ಲಿ ಬ್ಯಾಟರಿಯ ಪೂರ್ತಿ ವೋಲ್ಟೇಜ್ ನಿಂತಿರುತ್ತದೆ. 96 ವೋಲ್ಟ್ ಕಾರಿನಲ್ಲಿ ಇದನ್ನು ನಾನು ಒಪ್ಪುವುದೇ ಇಲ್ಲ.

ನಕ್ಷೆಯ ಪಕ್ಕದಲ್ಲಿ ಕ್ರಮವನ್ನೂ ಬರೆಯಿರಿ (ಮುಚ್ಚುವುದು ಎಂದರೆ ಕರೆಂಟ್ ಹರಿಯುವಂತೆ ಕೂಡುವುದು, ತೆರೆಯುವುದು ಎಂದರೆ ಕಡಿಯುವುದು): ನೆಗೆಟಿವ್ ಕಾಂಟ್ಯಾಕ್ಟರ್ ಮುಚ್ಚಿತು, ಪ್ರಿಚಾರ್ಜ್ ರಿಲೇ ಮುಚ್ಚಿತು, ಕಂಟ್ರೋಲರ್ ಬದಿಯ ವೋಲ್ಟೇಜ್ ಬ್ಯಾಟರಿಯ ಶೇ 95 ಮುಟ್ಟಿತು, ಮುಖ್ಯ ಪಾಸಿಟಿವ್ ಮುಚ್ಚಿತು, ಪ್ರಿಚಾರ್ಜ್ ತೆರೆಯಿತು. ಸಮಯ ಎಣಿಸಿ ಮುಂದುವರಿಯುವ ಟೈಮರ್ ಸಾಲದು, ವೋಲ್ಟೇಜ್ ಅಳೆಯುವ ತಂತಿಯೇ ಬೇಕು. ಕಂಟ್ರೋಲರ್ ಒಳಗೆ ಶಾರ್ಟ್ ಆಗಿದ್ದರೆ ವೋಲ್ಟೇಜ್ ಏರುವುದೇ ಇಲ್ಲ, ರೆಸಿಸ್ಟರ್ 120 ವಾಟ್‌ನಲ್ಲಿ ಸುಡುತ್ತಾ ಇರುತ್ತದೆ. ಎರಡು ಸೆಕೆಂಡಿನಲ್ಲಿ ಏರದಿದ್ದರೆ ಎಲ್ಲವೂ ತೆರೆಯಬೇಕು ಎಂದು ಷರಾ ಹಾಕಿ. ಡಿಸಿ-ಡಿಸಿ ಪರಿವರ್ತಕವನ್ನು ಕಾಂಟ್ಯಾಕ್ಟರಿನ ಆಚೆ ಜೋಡಿಸಿದ್ದರೆ, ಮುಖ್ಯ ಕಾಂಟ್ಯಾಕ್ಟರ್ ಮುಚ್ಚಿದ ಮೇಲಷ್ಟೇ ಅದು ಎಚ್ಚರಗೊಳ್ಳುವಂತೆ ತಂತಿ ಎಳೆಯಿರಿ. ಇಲ್ಲವಾದರೆ ರೆಸಿಸ್ಟರ್ ಕೊಡುವ ಒಂದು ಆಂಪಿಯರನ್ನೂ ಅದೇ ನುಂಗುತ್ತದೆ, ಪ್ರಿಚಾರ್ಜ್ ಎಂದೂ ಮುಗಿಯುವುದಿಲ್ಲ. ‘ಕಾರು ಒಮ್ಮೊಮ್ಮೆ ಸ್ಟಾರ್ಟ್ ಆಗುವುದಿಲ್ಲ ಸರ್’ ಎಂಬ ದೂರು ಬಂದಾಗ ಮೊದಲು ಈ ತಂತಿಯನ್ನು ನೋಡಿ.

ಡಿಸಿ ಕಾಂಟ್ಯಾಕ್ಟರುಗಳಲ್ಲಿ ಅನೇಕಕ್ಕೆ ಟರ್ಮಿನಲ್ ಪಕ್ಕದಲ್ಲಿ ಪುಟ್ಟ ಪ್ಲಸ್ ಗುರುತು ಅಚ್ಚಾಗಿರುತ್ತದೆ. ತೆರೆಯುವಾಗ ಏಳುವ ಕಿಡಿಯನ್ನು ಒಳಗಿನ ಆಯಸ್ಕಾಂತ ಒಂದೇ ದಿಕ್ಕಿಗೆ ಊದಿ ಆರಿಸುತ್ತದೆ. ತಿರುಗಿಸಿ ಜೋಡಿಸಿದರೆ ಕಿಡಿ ಆರದೆ ಉಳಿಯಬಹುದು. ಆ ಪ್ಲಸ್ಸನ್ನು ನಕ್ಷೆಯಲ್ಲೂ ಬರೆಯಿರಿ. ಫ್ಯೂಸ್ ಬ್ಯಾಟರಿಗೆ ಆದಷ್ಟೂ ಹತ್ತಿರವಿರಲಿ, ಅದರ ಡಿಸಿ ವೋಲ್ಟೇಜ್ ಮಿತಿಯನ್ನೂ ನಮೂದಿಸಿ. 240 ವೋಲ್ಟ್ ಎಸಿ ಎಂದಷ್ಟೇ ಬರೆದಿರುವ ಫ್ಯೂಸನ್ನು ಇಲ್ಲಿ ನಂಬುವಂತಿಲ್ಲ.

ಕಾಂಟ್ಯಾಕ್ಟರ್ ಕಾಯಿಲ್‌ಗೆ ಹೋಗುವ 12 ವೋಲ್ಟ್ ತಂತಿ ಕೀ, ತುರ್ತು ನಿಲುಗಡೆ ಗುಂಡಿ, ಕಾರು ಡಿಕ್ಕಿ ಹೊಡೆದಾಗ ತೆರೆಯುವ ಸ್ವಿಚ್, ಬಿಎಂಎಸ್ ಅನುಮತಿ, ಚಾರ್ಜಿಂಗ್ ಪ್ಲಗ್ಗಿನ ತಡೆ, ಇವೆಲ್ಲವನ್ನೂ ಸಾಲಾಗಿ ಹಾದು ಬರಲಿ. ಯಾವುದೊಂದು ತೆರೆದರೂ ಕಾಂಟ್ಯಾಕ್ಟರ್ ತೆರೆದುಕೊಳ್ಳಬೇಕು. ಎಲ್ಲ ರಿಲೇ, ಸ್ವಿಚ್‌ಗಳನ್ನೂ ಕೀ ತೆಗೆದಾಗಿನ ಸ್ಥಿತಿಯಲ್ಲೇ ಬರೆಯಿರಿ. ರಿಲೇ ಕಾಲುಗಳಿಗೆ 30, 85, 86, 87 ಎಂದೇ ಹೆಸರು ಕೊಡಿ. ಯಾವ ಊರಿನ ಆಟೋ ಎಲೆಕ್ಟ್ರಿಷಿಯನ್‌ಗೂ ಅದು ಅರ್ಥವಾಗುತ್ತದೆ.

ಮುಂದಿನದು ಕನೆಕ್ಟರ್. ಪಿನ್ ಸಂಖ್ಯೆಗಳನ್ನು ಮುಂದಿನಿಂದ ನೋಡಿ ಬರೆದಿರೋ, ವೈರ್ ಸೇರುವ ಹಿಂಬದಿಯಿಂದಲೋ? ಇದನ್ನು ಹೇಳದ ನಕ್ಷೆಯಲ್ಲಿ ಎಡ ಬಲ ಅದಲುಬದಲಾಗುತ್ತದೆ, 12 ವೋಲ್ಟ್ ಹೋಗಿ ಆಕ್ಸಿಲರೇಟರ್ ಸೆನ್ಸರ್‌ನ 5 ವೋಲ್ಟ್ ಪಿನ್ನಿಗೆ ಕೂರುತ್ತದೆ. ವೈರ್ ಜೋಡಿಸುವವನು ಹಿಂಬದಿಯನ್ನೇ ನೋಡುವುದರಿಂದ ನಕ್ಷೆಯೂ ಹಿಂಬದಿಯದೇ ಇರಲಿ, ಪಕ್ಕದಲ್ಲಿ ಹಾಗೆಂದು ಬರೆದಿರಲಿ. ಕ್ಯಾನ್ ತಂತಿಗಳನ್ನು ಹೆಣೆದ ಜೋಡಿಯಾಗಿ ತೋರಿಸಿ, ಎರಡೂ ತುದಿಯ 120 ಓಮ್ ರೆಸಿಸ್ಟರ್ ಬಿಡಬೇಡಿ. ಎರಡು ತಂತಿಗಳ ನಡುವೆ ಅಳೆದಾಗ 60 ಓಮ್ ಬರಬೇಕು.

ಪ್ರತಿ ವೈರ್‌ಗೂ ಸಂಖ್ಯೆ, ಬಣ್ಣ, ದಪ್ಪ ಬರೆಯಿರಿ. ಮಾರುಕಟ್ಟೆಯಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್‌ಗಳೂ ತಾಮ್ರದ ಹೆಸರಿನಲ್ಲೇ ಬಿಕರಿಯಾಗುತ್ತವೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಿ ಬಣ್ಣ ಕಂಡರೆ ಬೇಡ. 50 ಚದರ ಮಿಲಿಮೀಟರಿನ ತಾಮ್ರ ಮೀಟರಿಗೆ ಸುಮಾರು 450 ಗ್ರಾಂ ತೂಗಬೇಕು, ಸಿಪ್ಪೆ ಬಿಟ್ಟು.

ಕೊನೆಗೆ ನಕ್ಷೆಯನ್ನು ಮುದ್ರಿಸಿ, ಬರೆಯದ ಇನ್ನೊಬ್ಬರ ಕೈಗೆ ಹೈಲೈಟರ್ ಮತ್ತು ಮಲ್ಟಿಮೀಟರ್ ಕೊಡಿ. ಬ್ಯಾಟರಿ ಜೋಡಿಸದೆ ಒಂದೊಂದೇ ವೈರ್ ಪರೀಕ್ಷಿಸಿ ಬಣ್ಣ ತುಂಬಲಿ. ಆಮೇಲೆ ಇನ್ಸುಲೇಷನ್ ಟೆಸ್ಟರ್‌ನಿಂದ ಹೈ ವೋಲ್ಟೇಜ್ ಮತ್ತು ಬಾಡಿಯ ನಡುವಿನ ರೋಧ ಅಳೆಯಿರಿ. ವೋಲ್ಟ್‌ಗೆ 500 ಓಮ್ ಲೆಕ್ಕದಲ್ಲಿ ನಮ್ಮ ಕಾರಿಗೆ 55 ಕಿಲೋ ಓಮ್ ಕನಿಷ್ಠ. ಹೊಸ ವೈರಿಂಗ್‌ನಲ್ಲಿ ಮೆಗಾ ಓಮ್‌ಗಳಲ್ಲೇ ಬರಬೇಕು. ಕಾರನ್ನು ರಸ್ತೆಗೆ ಇಳಿಸುವ ಉದ್ದೇಶವಿದ್ದರೆ ವಾಹನವನ್ನು ಎಲೆಕ್ಟ್ರಿಕ್‌ಗೆ ಬದಲಿಸುವ ಕಿಟ್‌ಗಳಿಗಾಗಿ ಇರುವ ಎಐಎಸ್-123 ಮಾನದಂಡದಂತೆ ಅನುಮೋದನೆ ಪಡೆದ ಕಿಟ್ಟೇ ಬೇಕು. ಬಣ್ಣ ತುಂಬದ ಗೆರೆ ಒಂದೇ ಒಂದು ಉಳಿದಿದ್ದರೂ ಬ್ಯಾಟರಿಯ ಸರ್ವಿಸ್ ಪ್ಲಗ್ (ಬ್ಯಾಟರಿಯ ಸಾಲನ್ನು ಕೈಯಿಂದ ಕೂಡಿಸಿ ಕಡಿಯುವ ಪ್ಲಗ್) ಹಾಕಬೇಡಿ.