ಬಡ ಮನೆಯ ಹುಡುಗಿ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಲು: ಐದನೇ ತರಗತಿಯಿಂದ ಮೊದಲ ಕೆಲಸದವರೆಗಿನ ದಾರಿ

ಪಾಲಿಟೆಕ್ನಿಕ್‌ನ ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಾಠ ಮಾಡುವ ನಾನು ಕಂಡಂತೆ, ಬುದ್ಧಿ ಸಾಲದೆ ಈ ಓದನ್ನು ಬಿಟ್ಟ ಹುಡುಗಿಯರು ಬಹಳ ಕಡಿಮೆ. ಗಡುವು ಮೀರಿದ ಅರ್ಜಿ, ಒಂದಕ್ಕೊಂದು ಹೊಂದದ ದಾಖಲೆ, ಪರೀಕ್ಷಾ ಶುಲ್ಕದ ಹೊತ್ತಿಗೆ ಕೈಗೆ ಬಾರದ ದುಡ್ಡು, ಮದುವೆಯ ಮಾತು ಬಂದಾಗ ಅವಳ ಪರವಾಗಿ ಮಾತಾಡುವವರೇ ಇಲ್ಲದಿರುವುದು, ಇವು ಬಿಡಿಸಿದ ಓದೇ ಹೆಚ್ಚು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಚೆನ್ನಾಗಿ ಓದಿರಿ ಎಂಬ ಉಪದೇಶಕ್ಕಿಂತ ಯಾವ ಘಟ್ಟದಲ್ಲಿ ಏನನ್ನು ಹಿಡಿದುಕೊಳ್ಳಬೇಕು ಎಂಬುದನ್ನೇ ವಿವರವಾಗಿ ಬರೆದಿದ್ದೇನೆ. ಹುಡುಗಿಯ ಜೊತೆಗೆ ಅವಳ ತಂದೆ ತಾಯಿಯೂ ಊರಿನ ಮೇಷ್ಟ್ರೂ ಇದನ್ನು ಓದಲಿ ಎಂಬುದು ನನ್ನ ಆಸೆ.

ಭಾರತದ ಮೊದಲ ಮಹಿಳಾ ಎಲೆಕ್ಟ್ರಿಕಲ್ ಎಂಜಿನಿಯರ್ ಎ. ಲಲಿತಾ ಅವರು ಹದಿನೈದಕ್ಕೆ ಮದುವೆಯಾಗಿ, ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡು, ಎಳೆಯ ಮಗಳನ್ನು ಸಾಕುತ್ತಲೇ ಮದರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1940ರ ದಶಕದ ಮೊದಲರ್ಧದಲ್ಲಿ ಪದವಿ ಪಡೆದರು. ಮುಂದೆ ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ ಮಾರ್ಗಗಳ ವಿನ್ಯಾಸದಲ್ಲಿ ಕೆಲಸ ಮಾಡಿದರು. ಅವರದು ಬಡ ಮನೆಯಲ್ಲ, ತಂದೆ ಅದೇ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಯಾವ ಬಾಗಿಲು ಎಲ್ಲಿದೆ, ಯಾರನ್ನು ಕೇಳಬೇಕು ಎಂದು ಬಲ್ಲವರೊಬ್ಬರು ಮನೆಯಲ್ಲೇ ಇದ್ದದ್ದು ಅವರಿಗೆ ದೊರೆತ ದೊಡ್ಡ ಆಸರೆ. ಕೂಲಿ ಮಾಡುವವರ ಮಗಳಿಗೆ ಇಲ್ಲದಿರುವುದು ದುಡ್ಡಿನಷ್ಟೇ ಈ ತಿಳಿವಳಿಕೆಯೂ ಹೌದು.

ಹತ್ತನೇ ತರಗತಿಗಿಂತ ಮೊದಲು

ಮೊದಲ ಅವಕಾಶ ಐದನೇ ತರಗತಿ ಮುಗಿಯುವಾಗಲೇ ಬರುತ್ತದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಪ್ರವೇಶ ಪರೀಕ್ಷೆಯ ಮೂಲಕ ಆರನೇ ತರಗತಿಗೆ ಮಕ್ಕಳನ್ನು ಸೇರಿಸಿಕೊಂಡು ಊಟ, ವಸತಿ, ಓದು ಎಲ್ಲವನ್ನೂ ಉಚಿತವಾಗಿ ಕೊಡುತ್ತವೆ. ಕೆಲಸ ಹುಡುಕಿ ಊರೂರು ತಿರುಗುವ ಕುಟುಂಬದ ಹುಡುಗಿಗೆ ಒಂದೇ ಕಡೆ ಐದು ವರ್ಷ ನೆಲೆ ಸಿಕ್ಕರೆ ಗಣಿತ ಗಟ್ಟಿಯಾಗಲು ಅದಕ್ಕಿಂತ ಬೇರೆ ಸಹಾಯ ಬೇಕಾಗುವುದಿಲ್ಲ.

ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆಯನ್ನು ಬರೆಸಲೇಬೇಕು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗಾಗಿಯೇ ಇರುವ ಈ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು. ದುಡ್ಡು ನೇರವಾಗಿ ಹುಡುಗಿಯ ಖಾತೆಗೆ ಬೀಳುವುದರಿಂದ ಇವಳ ಓದಿಗೆ ಬೆಲೆಯಿದೆ ಎಂಬುದು ಮನೆಯವರ ಕಣ್ಣಿಗೂ ಕಾಣುತ್ತದೆ.

ಹತ್ತನೇ ತರಗತಿಯ ಪರೀಕ್ಷೆಗೆ ಕೂರುವ ಮೊದಲು ಮುಗಿಸಬೇಕಾದ ಇನ್ನೊಂದು ಕೆಲಸ ದಾಖಲೆಗಳನ್ನು ಸರಿಮಾಡಿಸುವುದು. ಆಧಾರ್‌ನಲ್ಲಿ ಲಕ್ಷ್ಮೀದೇವಿ, ಶಾಲೆಯ ದಾಖಲಾತಿಯಲ್ಲಿ ಲಕ್ಷ್ಮಿ, ಜಾತಿ ಪ್ರಮಾಣಪತ್ರದಲ್ಲಿ ಲಕ್ಷ್ಮವ್ವ ಎಂದಿದ್ದರೆ ಮೂರೂ ಒಬ್ಬಳದೇ ಎಂದು ಊರಿಗೆಲ್ಲ ಗೊತ್ತಿರುತ್ತದೆ, ಆದರೆ ವಿದ್ಯಾರ್ಥಿವೇತನದ ಪೋರ್ಟಲ್ ಅದನ್ನು ಒಪ್ಪುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾದ ಮೇಲೆ ಹೆಸರು, ಜನ್ಮದಿನಾಂಕ ತಿದ್ದಿಸುವುದು ವರ್ಷಗಟ್ಟಲೆ ಅಲೆಸುವ ಕೆಲಸ. ಅದಕ್ಕಿಂತ ಮೊದಲು ಮುಖ್ಯೋಪಾಧ್ಯಾಯರ ಮೂಲಕ ಮಾಡಿಸುವುದು ಎಷ್ಟೋ ಸುಲಭ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮಾಡಿಸಿ, ಅವುಗಳ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಏಕೆಂದರೆ ಮುಂದಿನ ಏಳೆಂಟು ವರ್ಷ ಪ್ರತಿ ಅರ್ಜಿಯೂ ಅದನ್ನು ಕೇಳುತ್ತದೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆ ಎರಡು ಪ್ರಮಾಣಪತ್ರಗಳನ್ನೂ ಪಡೆದಿಡಿ. ಎಂಜಿನಿಯರಿಂಗ್ ಸೀಟು ಹಂಚುವ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ, ಸರ್ಕಾರಿ ನೇಮಕಾತಿಯಲ್ಲೂ ಇವೆರಡೂ ಉಪಯೋಗಕ್ಕೆ ಬರುತ್ತವೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರವನ್ನು ಮರೆಯಬಾರದು.

ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಿಯುಸಿಯೋ ಡಿಪ್ಲೊಮಾವೋ

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮನೆಯಲ್ಲಿ ನಿಜವಾದ ಬಡತನವಿದ್ದರೆ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡುವುದೇ ಭದ್ರವಾದ ದಾರಿ. ಪಿಯುಸಿ ವಿಜ್ಞಾನದ ಎರಡು ವರ್ಷ ಮುಗಿದಾಗ ಸಿಇಟಿ ರ್‍ಯಾಂಕ್ ಚೆನ್ನಾಗಿ ಬಾರದಿದ್ದರೆ ಕೈಯಲ್ಲಿ ಕೆಲಸ ಕೊಡಿಸುವ ಯಾವ ವಿದ್ಯೆಯೂ ಉಳಿದಿರುವುದಿಲ್ಲ, ಆಗ ಮನೆಯವರಿಗೆ ಓದು ನಿಲ್ಲಿಸಲು ಕಾರಣ ಸಿಕ್ಕಿಬಿಡುತ್ತದೆ. ಡಿಪ್ಲೊಮಾದ ಪ್ರವೇಶ ಎಸ್‌ಎಸ್‌ಎಲ್‌ಸಿ ಅಂಕಗಳ ಮೇಲೆಯೇ ಆಗುತ್ತದೆ, ಸರ್ಕಾರಿ ಪಾಲಿಟೆಕ್ನಿಕ್‌ನ ಶುಲ್ಕ ಬಡವರಿಗೆ ನಿಲುಕುವಂಥದ್ದು, ಮೂರು ವರ್ಷ ಮುಗಿಯುವಾಗ ಹತ್ತೊಂಬತ್ತರ ಹುಡುಗಿಗೆ ಸಂಬಳದ ಕೆಲಸ ಹುಡುಕುವ ಅರ್ಹತೆ ಬಂದಿರುತ್ತದೆ. ಅಲ್ಲಿಂದ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದರೆ ಬಿಇ ಕೋರ್ಸಿನ ಎರಡನೇ ವರ್ಷಕ್ಕೆ ನೇರ ಪ್ರವೇಶವೂ ಇದೆ. ಪ್ರತಿ ಮೆಟ್ಟಿಲಿನಲ್ಲೂ ನಿಂತು ಉಸಿರಾಡಲು ಜಾಗ ಇರುವುದು ಈ ದಾರಿಯ ಗುಣ.

ಹಾಗೆಂದು ಇದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. ಗಣಿತದಲ್ಲಿ ಅಸಾಧಾರಣ ಆಸಕ್ತಿ ಇದ್ದು, ಹಾಸ್ಟೆಲ್ ಸಮೇತ ಉಚಿತ ವಿಜ್ಞಾನ ಪಿಯುಸಿ ಸಿಗುವಂತಿದ್ದರೆ ಅದನ್ನೇ ಆರಿಸಿಕೊಳ್ಳಲಿ, ಏಕೆಂದರೆ ಐಐಟಿ ಧಾರವಾಡ, ಸುರತ್ಕಲ್‌ನ ಎನ್‌ಐಟಿಯಂಥ ಸಂಸ್ಥೆಗಳಿಗೆ ಹೋಗುವ ರೂಢಿಯ ದಾರಿ ಅದೇ. ಐಐಟಿಗಳಲ್ಲಿ ಹುಡುಗಿಯರಿಗೆಂದೇ ಹೆಚ್ಚುವರಿ ಸೀಟುಗಳಿವೆ, ವಾರ್ಷಿಕ ಆದಾಯ ಒಂದು ಲಕ್ಷದೊಳಗಿರುವ ಕುಟುಂಬದ ಮಕ್ಕಳಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿಯಾಗುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಅಂಕ ಕಡಿಮೆ ಬಂದವರು ಎರಡು ವರ್ಷದ ಐಟಿಐ ಎಲೆಕ್ಟ್ರಿಷಿಯನ್ ಮಾಡಿ, ಅಲ್ಲಿಂದ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು.

ಖರ್ಚು

ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ನೀಡುವ ಪ್ರಗತಿ ವಿದ್ಯಾರ್ಥಿವೇತನ ತಾಂತ್ರಿಕ ಶಿಕ್ಷಣಕ್ಕೆ ಸೇರಿದ ಹುಡುಗಿಯರಿಗೆಂದೇ ಇರುವಂಥದ್ದು. ಡಿಪ್ಲೊಮಾಕ್ಕೂ ಪದವಿಗೂ ಇದು ಬೇರೆ ಬೇರೆಯಾಗಿ ಸಿಗುತ್ತದೆ, ವರ್ಷಕ್ಕೆ 50,000 ರೂಪಾಯಿ, ಆದಾಯ ಮಿತಿ ಎಂಟು ಲಕ್ಷ, ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ ಪಡೆಯಬಹುದು. ಆಯ್ಕೆ ಅಂಕಗಳ ಮೇಲೆ ನಡೆಯುತ್ತದೆ. ಸೇರಿದ ಮೊದಲ ವರ್ಷವೇ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಬರಲಿ ನೋಡೋಣ ಎಂದು ಮುಂದಿನ ವರ್ಷಕ್ಕೆ ದೂಡಿದವರು ಕೈಯಾರೆ ಕಳೆದುಕೊಳ್ಳುತ್ತಾರೆ. ರಾಜ್ಯದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಿವೆ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಯ ನೆರವು ಕೊಡುವ ವಿದ್ಯಾಸಿರಿ ಯೋಜನೆಯಿದೆ. ಈ ಹಣವೆಲ್ಲ ಆಧಾರ್ ಜೋಡಿಸಿದ ಖಾತೆಗೇ ಬರುವುದರಿಂದ ಬ್ಯಾಂಕಿಗೆ ಹೋಗಿ, ಆಧಾರ್ ಎನ್‌ಪಿಸಿಐಗೆ (ಬ್ಯಾಂಕುಗಳ ಹಣ ಪಾವತಿಯ ಜಾಲ ನಡೆಸುವ ಸಂಸ್ಥೆಗೆ) ಜೋಡಣೆಯಾಗಿದೆಯೇ ಎಂದು ಬಾಯಿಬಿಟ್ಟು ಕೇಳಿ. ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ಈ ಜೋಡಣೆ ಬೇರೆ. ಹಣ ಮಂಜೂರಾಗಿಯೂ ತಲುಪದೇ ಹೋದ ಎಷ್ಟೋ ಪ್ರಕರಣಗಳಲ್ಲಿ ನಾನು ಕಂಡ ಕಾರಣ ಇದೇ.

ಬಿಇಗೆ ಸಿಇಟಿ ಮೂಲಕ ಹೋಗುವವರು ಎಸ್‌ಎನ್‌ಕ್ಯೂ ಎಂಬ ಸೀಟುಗಳನ್ನು ಗಮನದಲ್ಲಿಡಬೇಕು. ಕಾಲೇಜಿನ ಮಂಜೂರಾದ ಸೀಟುಗಳ ಮೇಲೆ ಶೇ. 5ರಷ್ಟು ಹೆಚ್ಚುವರಿಯಾಗಿರುವ ಇವುಗಳಿಗೆ ಬೋಧನಾ ಶುಲ್ಕವಿಲ್ಲ, ಆದಾಯ ಎಂಟು ಲಕ್ಷದೊಳಗಿರಬೇಕು. ಬೇಕಾದ ಕಾಲೇಜುಗಳ ಆಯ್ಕೆ ಪಟ್ಟಿ ತುಂಬುವಾಗ ಇದನ್ನು ಗುರುತಿಸದೆ ಬಿಡುವವರೇ ಹೆಚ್ಚು. ಸಾಲ ಮಾಡಲೇಬೇಕಾದರೆ ಊರಿನ ಬಡ್ಡಿ ಸಾಲಕ್ಕಾಗಲಿ ಸಂಘದ ಸಾಲಕ್ಕಾಗಲಿ ಕೈಯೊಡ್ಡುವ ಮೊದಲು ಬ್ಯಾಂಕಿನ ಶಿಕ್ಷಣ ಸಾಲ ಕೇಳಿ: ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಜಮೀನು, ಒಡವೆ ಅಡವಿಡಬೇಕಾಗಿಲ್ಲ, ಓದು ಮುಗಿದು ಸ್ವಲ್ಪ ಕಾಲವಾದ ಮೇಲೆ ತೀರಿಸಲು ಆರಂಭಿಸಬಹುದು.

ದೊಡ್ಡ ಶುಲ್ಕಕ್ಕೆ ಹೀಗೆ ದಾರಿಗಳಿವೆ. ಡ್ರಾಯಿಂಗ್ ಸಾಮಾನು, ಲ್ಯಾಬ್ ರೆಕಾರ್ಡ್, ಪರೀಕ್ಷಾ ಶುಲ್ಕ, ಆಗಾಗ ತೆಗೆಸುವ ಜೆರಾಕ್ಸ್, ಇವು ತಿಂಗಳ ಕೊನೆಯಲ್ಲಿ ಕೈ ಕಟ್ಟಿಹಾಕುತ್ತವೆ. ಬಸ್ಸಿನ ಖರ್ಚು 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ತಪ್ಪಿದೆ, ದಿನವೂ ಹಳ್ಳಿಯಿಂದ ಪಟ್ಟಣಕ್ಕೆ ಓಡಾಡಿ ಓದುವ ಹುಡುಗಿಗೆ ಇದು ಸಣ್ಣ ಮಾತಲ್ಲ. ಹಿರಿಯ ವಿದ್ಯಾರ್ಥಿಗಳಿಂದ ಪುಸ್ತಕ ಮತ್ತು ಡ್ರಾಫ್ಟರ್ (ಡ್ರಾಯಿಂಗ್ ಗೆರೆ ಎಳೆಯುವ ಸಾಧನ) ಕೇಳಿ ಪಡೆಯಿರಿ, ಕೇಳುವುದರಲ್ಲಿ ಸಂಕೋಚ ಬೇಡ. ಕನ್ನಡದಲ್ಲಿ ಓದಿ ಬಂದವರಿಗೆ ಎಐಸಿಟಿಇಯ ಇ-ಕುಂಭ್ ಪೋರ್ಟಲ್‌ನಲ್ಲಿ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ಪಠ್ಯಗಳು ಕನ್ನಡದಲ್ಲೇ ಉಚಿತವಾಗಿ ಸಿಗುತ್ತವೆ. ವಿಷಯವನ್ನು ಕನ್ನಡದಲ್ಲಿ ತಿಳಿದುಕೊಂಡು, ಆಮೇಲೆ ಅದೇ ಅಧ್ಯಾಯವನ್ನು ಇಂಗ್ಲಿಷ್‌ನಲ್ಲಿ ಓದಿದರೆ ಮೊದಲ ಸೆಮಿಸ್ಟರಿನ ಭಯ ಬಹುಪಾಲು ಇಳಿಯುತ್ತದೆ.

ಓದುವುದು ಹೇಗೆ

ಹಳ್ಳಿಯ ಹುಡುಗಿಗೆ ಈ ವಿದ್ಯೆಯಲ್ಲಿ ಒಂದು ಅನುಕೂಲವಿದೆ, ಅದನ್ನು ಅವಳಿಗೆ ಯಾರೂ ಹೇಳಿರುವುದಿಲ್ಲ. ಟೀಸಿ (ಟ್ರಾನ್ಸ್‌ಫಾರ್ಮರ್) ಸುಟ್ಟುಹೋಯಿತು, ತ್ರೀ ಫೇಸ್ ರಾತ್ರಿ ಬರುತ್ತದೆ, ಸ್ಟಾರ್ಟರ್ ಟ್ರಿಪ್ ಆಯಿತು ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದವಳು ಅವಳು. ಹೊಲದ ಮೋಟಾರಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದರೆ ಅದನ್ನೇ ಪಾಠವಾಗಿ ತೆಗೆದುಕೊಳ್ಳಿ. ನಿಂತ ಮೋಟಾರಿಗೆ ಪೂರ್ತಿ 400 ವೋಲ್ಟ್ ಕೊಟ್ಟು ಓಡಿಸಲು ಹೋದರೆ ಅದು ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಅದಕ್ಕಾಗಿ ಮೊದಲು ಮೂರೂ ಸುರುಳಿಗಳನ್ನು ಸ್ಟಾರ್ ಜೋಡಣೆಯಲ್ಲಿ ಇಟ್ಟು, ವೇಗ ಹಿಡಿದ ಮೇಲೆ ಡೆಲ್ಟಾಗೆ ಬದಲಿಸುತ್ತಾರೆ. ಸ್ಟಾರ್ಟರ್ ‘ಟಕ್’ ಎನ್ನುವುದು ಆ ಬದಲಾವಣೆಯ ಸದ್ದು. ಸ್ಟಾರ್‌ನಲ್ಲಿದ್ದಾಗ ಒಂದೊಂದು ಸುರುಳಿಗೆ ಸಿಗುವುದು 400ನ್ನು ಮೂರರ ವರ್ಗಮೂಲದಿಂದ, ಅಂದರೆ 1.732ರಿಂದ ಭಾಗಿಸಿದಷ್ಟು, ಸುಮಾರು 230 ವೋಲ್ಟ್. ಆಗ ಲೈನಿನಿಂದ ಎಳೆಯುವ ಕರೆಂಟ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮನೆಯ ಬಲ್ಬಿಗೆ ಬರುವುದೂ ಅದೇ 230. ಹತ್ತನೇ ತರಗತಿಯ ತ್ರಿಕೋನಮಿತಿಯಲ್ಲಿ 60 ಡಿಗ್ರಿಯ ಟ್ಯಾನ್ ಬೆಲೆ ಎಂದು ಬಾಯಿಪಾಠ ಮಾಡಿದ ಸಂಖ್ಯೆ ಹೊಲದ ಪೆಟ್ಟಿಗೆಯೊಳಗೆ ಕೆಲಸ ಮಾಡುತ್ತಿದೆ ಎಂದು ಗೊತ್ತಾದ ಹುಡುಗಿಗೆ ಸರ್ಕ್ಯೂಟ್ ಪಾಠ ಪರಕೀಯವಾಗಿ ಉಳಿಯುವುದಿಲ್ಲ. ಒಂದು ಎಚ್ಚರಿಕೆ: ಇದನ್ನು ನೋಡಿ, ಕೇಳಿ, ಬರೆದು ಕಲಿಯಬೇಕೇ ಹೊರತು ಪ್ಯಾನೆಲ್ ಬೋರ್ಡ್ ಬಿಚ್ಚಿ ಅಲ್ಲ.

ಲ್ಯಾಬಿನಲ್ಲಿ ನಾಲ್ಕೈದು ಮಂದಿಯ ಗುಂಪು ಮಾಡಿದಾಗ ಹುಡುಗರು ವೈರ್ ಜೋಡಿಸುತ್ತಾರೆ, ಅಕ್ಷರ ಚೆನ್ನಾಗಿದೆ ಎಂದು ರೀಡಿಂಗ್ ಬರೆಯುವ ಕೆಲಸ ಹುಡುಗಿಯ ಪಾಲಿಗೆ ಬರುತ್ತದೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಮೊದಲ ವಾರವೇ ‘ಈ ಸಲ ಕನೆಕ್ಷನ್ ನಾನು ಕೊಡುತ್ತೇನೆ’ ಎಂದು ಹೇಳಿ. ಅಮ್ಮೀಟರನ್ನು ಸರಣಿಯಲ್ಲಿ, ವೋಲ್ಟ್‌ಮೀಟರನ್ನು ಅಡ್ಡಲಾಗಿ ಜೋಡಿಸುವುದು, ಡಿಸಿ ಶಂಟ್ ಮೋಟಾರ್ ಚಾಲೂ ಮಾಡುವ ಮೊದಲು ಫೀಲ್ಡ್ ರಿಯೋಸ್ಟಾಟ್ (ಫೀಲ್ಡ್ ಸುರುಳಿಯ ಕರೆಂಟನ್ನು ಹೊಂದಿಸುವ ರೋಧಕ) ಕನಿಷ್ಠದಲ್ಲಿದೆಯೇ ಎಂದು ನೋಡುವುದು, ಇಂಥವು ಕೈಗೆ ಬರಬೇಕು. ಸಂದರ್ಶನದಲ್ಲಿ ‘ಅದು ಗರಿಷ್ಠದಲ್ಲಿದ್ದರೆ ಏನಾಗುತ್ತದೆ’ ಎಂದು ಕೇಳಿದಾಗ, ಫೀಲ್ಡ್ ದುರ್ಬಲವಾಗಿ ಮೋಟಾರ್ ಮಿತಿ ಮೀರಿ ಓಡುತ್ತದೆ ಎಂದು ತಡವರಿಸದೆ ಹೇಳುವವಳು ಅದನ್ನು ಸ್ವತಃ ಮಾಡಿದವಳೇ.

ಡಿಪ್ಲೊಮಾದಿಂದ ಬಿಇಗೆ ಹೋದವರಿಗೆ ಕಷ್ಟವಾಗುವುದು ಗಣಿತ. ಪಿಯುಸಿಯಿಂದ ಬಂದವರು ಕಲಿತಿರುವ ಕಲನಶಾಸ್ತ್ರದಲ್ಲಿ ಇವರು ಹಿಂದಿರುತ್ತಾರೆ. ಡಿಸಿಇಟಿ ಮುಗಿದು ತರಗತಿ ಆರಂಭವಾಗುವ ನಡುವಿನ ವಾರಗಳಲ್ಲಿ ದ್ವಿತೀಯ ಪಿಯುಸಿ ಗಣಿತ ಪುಸ್ತಕದ ಅವಕಲನ, ಸಮಾಕಲನ, ಮ್ಯಾಟ್ರಿಕ್ಸ್ ಅಧ್ಯಾಯಗಳ ಲೆಕ್ಕಗಳನ್ನು ಒಂದೂ ಬಿಡದೆ ಮಾಡಿದರೆ ಆ ಅಂತರ ಮುಚ್ಚುತ್ತದೆ.

ಮನೆಯ ಮಾತು

ಹದಿನೆಂಟು ತುಂಬುತ್ತಲೇ ಸಂಬಂಧಗಳು ಬರತೊಡಗುತ್ತವೆ. ‘ಅಪ್ಪಾ, ನಾನು ಓದಬೇಕು’ ಎಂಬ ಮಾತೊಂದೇ ಸೋಲುತ್ತದೆ. ‘ಅಪ್ಪಾ, ಇನ್ನು ನಾಲ್ಕು ಸೆಮಿಸ್ಟರ್ ಇದೆ, ಈ ವರ್ಷ ಸ್ಕಾಲರ್‌ಶಿಪ್ ಇಷ್ಟು ಬಂದಿದೆ, ನೀವು ಕೊಡಬೇಕಾದ್ದು ಇಷ್ಟೇ’ ಎಂದು ಲೆಕ್ಕ ಮುಂದಿಟ್ಟರೆ ಮಾತು ಬೇರೆಯಾಗುತ್ತದೆ. ಅವ್ವನನ್ನು ಒಮ್ಮೆ ಹಾಸ್ಟೆಲ್‌ಗೆ ಕರೆತಂದು ವಾರ್ಡನ್‌ಗೆ ಪರಿಚಯಿಸಿ. ಕಾಲೇಜಿನ ಮೇಡಂ ಒಬ್ಬರು ಮನೆಗೆ ಫೋನ್ ಮಾಡಿ ಮಾತಾಡಿದರೆ ಎಷ್ಟೋ ಮದುವೆಗಳು ಎರಡು ಮೂರು ವರ್ಷ ಮುಂದೆ ಹೋಗುತ್ತವೆ. ಶಿಕ್ಷಕರಾದ ನಾವು ಇದನ್ನು ನಮ್ಮ ಕೆಲಸವೆಂದೇ ತಿಳಿಯಬೇಕು.

ಕೆಲಸಕ್ಕೆ ಸೇರುವಾಗ

ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ಮತ್ತು ವಿದ್ಯುತ್ ಸರಬರಾಜು ಮಾಡುವ ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂ, ಸೆಸ್ಕ್ ಕಂಪನಿಗಳಲ್ಲಿ ಡಿಪ್ಲೊಮಾದವರು ಕಿರಿಯ ಎಂಜಿನಿಯರ್, ಬಿಇ ಆದವರು ಸಹಾಯಕ ಎಂಜಿನಿಯರ್ ಹುದ್ದೆಗೆ ಪರೀಕ್ಷೆ ಬರೆಯಬಹುದು. ಅಧಿಸೂಚನೆಗಳ ನಡುವೆ ವರ್ಷಗಳೇ ಕಳೆಯುವುದುಂಟು, ಅದನ್ನೊಂದೇ ನಂಬಿ ಕೂರುವುದು ಬಡ ಮನೆಯವರಿಗೆ ಕಟ್ಟುವುದಿಲ್ಲ. ಓದು ಮುಗಿದ ಕೂಡಲೇ ಒಂದು ವರ್ಷದ ಅಪ್ರೆಂಟಿಸ್ ತರಬೇತಿಗೆ ಸೇರಿ, ಭತ್ಯೆ ಪಡೆಯುತ್ತಲೇ ಪರೀಕ್ಷೆಗೆ ಓದುವುದು ಉತ್ತಮ. ಬಿಇ ಮಾಡಿದವರು ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆದರೆ ಪವರ್‌ಗ್ರಿಡ್, ಎನ್‌ಟಿಪಿಸಿಯಂಥ ಕೇಂದ್ರದ ವಿದ್ಯುತ್ ಸಂಸ್ಥೆಗಳಿಗೂ, ಭತ್ಯೆ ಸಹಿತ ಎಂಟೆಕ್‌ಗೂ ಅರ್ಹರಾಗುತ್ತಾರೆ. ಸ್ವಂತವಾಗಿ ಗುತ್ತಿಗೆ ಕೆಲಸ ಮಾಡುವ ಮನಸ್ಸಿದ್ದರೆ ವಿದ್ಯುತ್ ಪರಿವೀಕ್ಷಣಾಲಯದಿಂದ ಸೂಪರ್‌ವೈಸರ್ ಪರ್ಮಿಟ್ ಪಡೆಯಿರಿ. ಪಾವಗಡದಂಥ ಸೌರ ಪಾರ್ಕುಗಳು, ಕಟ್ಟಡಗಳ ಮೇಲಿನ ಸೌರ ಫಲಕಗಳು ಬಂದ ಮೇಲೆ ಈ ಕೆಲಸ ಸಣ್ಣ ಪಟ್ಟಣಗಳಲ್ಲೂ ಇದೆ.

‘ಫೀಲ್ಡಿಗೆ ಹುಡುಗಿ ಯಾಕೆ, ಆಫೀಸಿನಲ್ಲಿ ಬಿಲ್ಲಿಂಗ್ ನೋಡಿಕೊಳ್ಳಲಿ’ ಎನ್ನುವ ಅಧಿಕಾರಿ ಎಲ್ಲಾದರೂ ಸಿಕ್ಕೇ ಸಿಗುತ್ತಾರೆ. ಮೊದಲ ಎರಡು ವರ್ಷ ಉಪಕೇಂದ್ರದ ಪಾಳಿಯನ್ನೂ ಲೈನ್ ಕೆಲಸದ ಮೇಲ್ವಿಚಾರಣೆಯನ್ನೂ ಕೇಳಿ ಪಡೆದುಕೊಳ್ಳಿ, ಏಕೆಂದರೆ ಬಡ್ತಿಯ ಹೊತ್ತಿಗೆ ಲೆಕ್ಕಕ್ಕೆ ಬರುವುದು ಆ ಅನುಭವ. ಅಲ್ಲಿ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನಿನ ವಿದ್ಯುತ್ ಕಡಿತ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ಪಡೆಯದೆ, ಲೈನನ್ನು ಡಿಸ್‌ಚಾರ್ಜ್ ಮಾಡಿ ಅರ್ಥಿಂಗ್ ಕೊಡಿಸದೆ ಯಾರನ್ನೂ ಕಂಬ ಹತ್ತಿಸಬಾರದು, ಎಷ್ಟೇ ಒತ್ತಡ ಬಂದರೂ ಸರಿ. ಖಾಸಗಿ ಕಂಪನಿಗೆ ಸೇರುವುದಾದರೆ ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸ್ ಪಡೆಯಿರಿ, ಅವರ ಬಳಿ ಬಿಟ್ಟು ಬರಬೇಡಿ. ಮುಂದೆ ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಕರೆ ಬಂದ ದಿನ ಅವು ನಿಮ್ಮ ಕೈಯಲ್ಲೇ ಇರಬೇಕು.