ಬಾಲ್‌ಪೆನ್ ಶಾಯಿ ಹಳೆಯದೋ ಹೊಸದೋ: ಪರೀಕ್ಷಿಸುವ ಬಗೆ

ಮೊದಲು ಶಾಯಿ ಯಾವುದೆಂದು ಖಚಿತಪಡಿಸಿಕೊಳ್ಳಿ. ಈ ವಿಧಾನ ನಡೆಯುವುದು ಬಾಲ್‌ಪೆನ್ನಿನ ಮಂದ ಶಾಯಿಗೆ. ಅಂಥ ಬಹುತೇಕ ಶಾಯಿಗಳಲ್ಲಿರುವ 2-ಫೀನಾಕ್ಸಿಎಥನಾಲ್ ಎಂಬ ದ್ರಾವಕ (ಬಣ್ಣವನ್ನು ಕರಗಿಸಿಡುವ ದ್ರವ) ಮೊದಲ ವಾರಗಳಲ್ಲಿ ಬೇಗ, ಆಮೇಲೆ ನಿಧಾನವಾಗಿ ಆರಿಹೋಗುತ್ತದೆ. ಹೊಸ ಬರಹವನ್ನು ಕಾಯಿಸಿದರೆ ಅದು ಹೆಚ್ಚು ಹೋಗುತ್ತದೆ, ಹಳೆಯದರಲ್ಲಿ ಕಡಿಮೆ; ಇಲ್ಲಿ ಅಳೆಯುವುದು ಈ ನಷ್ಟವನ್ನೇ. ನೀರು ಬೆರೆತ ಜೆಲ್ ಪೆನ್, ಫೌಂಟನ್ ಪೆನ್ ಬರಹವನ್ನು ಇದಕ್ಕೆ ಒಡ್ಡಬೇಡಿ.

ಮೂಲ ಪತ್ರಕ್ಕೆ ಸೂಜಿ ತಾಗಿಸುವ ಮುಂಚೆ ಫೋಟೊ ತೆಗೆದು, ಸೂಕ್ಷ್ಮದರ್ಶಕ ಮತ್ತು ಅವಗೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ ನೋಡಿ. ಒಂದೇ ಚೆಕ್ಕಿನ ಸಹಿಗೂ ತಾರೀಖಿಗೂ ಬೇರೆ ಶಾಯಿ ಇದ್ದರೆ ಹಲವು ಸಲ ಇಲ್ಲೇ ಗೊತ್ತಾಗುತ್ತದೆ. ಪ್ರಕರಣ ನ್ಯಾಯಾಲಯದಲ್ಲಿದ್ದರೆ ಮಾದರಿ ತೆಗೆಯಲು ಅನುಮತಿ ಬೇಕು.

ಮೊನೆ ಕತ್ತರಿಸಿ ಸಪಾಟಾಗಿಸಿದ ಸೂಜಿಯಿಂದ ಸುಮಾರು 1 ಮಿ.ಮೀ. ಅಗಲದ ಚುಕ್ಕೆಗಳನ್ನು ಕೊರೆಯಿರಿ: ಒಂದೇ ಬರಹದಿಂದ 10ರಂತೆ ಎರಡು ಗುಂಪು. ದಪ್ಪ ಗೆರೆ, ತೆಳು ಗೆರೆ ಎರಡರಲ್ಲೂ ಸಮನಾಗಿ ಹಂಚಿಹೋಗಲಿ. ಗೆರೆಗಳು ಒಂದರ ಮೇಲೊಂದು ಹಾಯುವ ಜಾಗ ಬೇಡ. ಪಕ್ಕದ ಬರಿ ಕಾಗದದಿಂದಲೂ ಅಷ್ಟೇ ಚುಕ್ಕೆ ತೆಗೆಯಲೇಬೇಕು. ಎದುರು ಪುಟದ ಶಾಯಿಯ ದ್ರಾವಕ ಈ ಕಾಗದಕ್ಕೆ ಅಂಟಿಕೊಂಡಿರಬಹುದು. ಅದನ್ನು ಲೆಕ್ಕದಿಂದ ಕಳೆಯದಿದ್ದರೆ ಹಳೆಯ ಸಹಿ ಹೊಸದಾಗಿ ಕಾಣಬಹುದು.

ಒಂದು ಗುಂಪನ್ನು ಹಾಗೇ ಬಿಡಿ. ಇನ್ನೊಂದನ್ನು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ 70 ನಿಮಿಷ ಕಾಯಿಸಿ. ಎರಡಕ್ಕೂ ಶಾಯಿ ಕರಗಿಸಿ ತೆಗೆಯುವ ಬೇರೊಂದು ದ್ರಾವಕವನ್ನು ಒಂದೇ ಅಳತೆಯಲ್ಲಿ, ಒಂದೇ ಆಂತರಿಕ ಮಾನಕ (ಹೋಲಿಕೆಗೆ ಗೊತ್ತಿರುವ ಪ್ರಮಾಣದಲ್ಲಿ ಸೇರಿಸುವ ವಸ್ತು) ಹಾಕಿ, ಗ್ಯಾಸ್ ಕ್ರೊಮ್ಯಾಟೋಗ್ರಫಿ–ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ (ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ, ಅವುಗಳ ಕಣಗಳ ರಾಶಿಯಿಂದ ಗುರುತಿಸುವ ಉಪಕರಣ) ಫೀನಾಕ್ಸಿಎಥನಾಲ್‌ನ ಗುರುತಾದ 94 ಮತ್ತು 138 ರಾಶಿಯ ಅಯಾನುಗಳನ್ನು (ವಿದ್ಯುದಾವೇಶದ ಕಣಗಳನ್ನು) ಅಳೆಯಿರಿ. ಕಾಯಿಸದ್ದರಲ್ಲಿ 10 ಪಾಲು, ಕಾಯಿಸಿದ್ದರಲ್ಲಿ 4 ಪಾಲು ಸಿಕ್ಕರೆ ನಷ್ಟ ಶೇ. 60. ಈ ವಿಧಾನದಲ್ಲಿ ಶೇ. 50 ದಾಟಿದರೆ ಬರಹ 150 ದಿನಕ್ಕಿಂತ ಈಚಿನದು, ಶೇ. 25 ದಾಟಿದರೆ 300 ದಿನಕ್ಕಿಂತ ಈಚಿನದು ಎಂದು ಎಣಿಸುತ್ತಾರೆ.

ಎಡವುವುದು ಇಲ್ಲಿಯೇ. ನಷ್ಟ ಕಡಿಮೆ ಬಂತೆಂದು ಬರಹ ಹಳೆಯದೆಂದು ಬರೆದುಬಿಡಬೇಡಿ: ಶಾಯಿಯೇ ಬೇಗ ಆರುವ ಜಾತಿಯದಿರಬಹುದು, ಪತ್ರವನ್ನು ಲ್ಯಾಮಿನೇಟ್ ಮಾಡಿಸಿರಬಹುದು, ಬಿಸಿಲಿಗಿಟ್ಟು ಬೇಕೆಂದೇ ಹಳತು ಮಾಡಿರಬಹುದು. ಬಿಗಿಯಾಗಿ ಕಟ್ಟಿದ ಫೈಲಿನೊಳಗೆ ಆರುವುದು ತಡವಾಗುತ್ತದೆ. ಬಣ್ಣ ಮಾಸಿದ್ದನ್ನು ನೋಡಿ ವಯಸ್ಸು ಹೇಳುವುದಂತೂ ಬೇಡವೇ ಬೇಡ. ಬಾಲ್‌ಪೆನ್ ಶಾಯಿಯಲ್ಲಿ ಬಳಸುವ ಕ್ರಿಸ್ಟಲ್ ವಯಲೆಟ್ ಎಂಬ ನೇರಳೆ ಬಣ್ಣ ಮುಖ್ಯವಾಗಿ ಬೆಳಕಿಗೆ ಕೆಡುತ್ತದೆ, ಕತ್ತಲಲ್ಲಿ ಇಟ್ಟ ಪತ್ರದಲ್ಲಿ ಬಹುಕಾಲ ಉಳಿಯುತ್ತದೆ. ಸುಮಾರು ಎರಡು ವರ್ಷ ದಾಟಿದ ಬರಹಗಳನ್ನು ಈ ಪರೀಕ್ಷೆ ಒಂದರಿಂದೊಂದು ಬೇರ್ಪಡಿಸಲಾರದು. ಐದು ವರ್ಷದ್ದೋ ಹದಿನೈದರದ್ದೋ ಎಂದು ಕೇಳಿದರೆ ಉತ್ತರ ಕೊಡಬೇಡಿ.